ಬಿಚ್ಚಲಾಗದ ಕೊಟ್ಟೆ

ಮಲೆನಾಡಿನವರಿಗೆ ಕೊಟ್ಟೆ ಕಟ್ಟುವ ವಿದ್ಯೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಮಳೆ ಜೋರು ಹಿಡಿಯುವ ಮುನ್ನ ಕೊನೆಗಾರ ಮರವೇರಿ ಅಡಿಕೆ ಕೊನೆಗಳಿಗೆ ಕೊಟ್ಟೆ ಕಟ್ಟುತ್ತಾನೆ. ಕೊಳೆರೋಗದಿಂದ ಫಸಲನ್ನು ಉಳಿಸಿಕೊಳ್ಳುವ ಹಳೆಯ ಉಪಾಯವದು. ಹಿಂದೆ ಹಾಳೆಯ ಕೊಟ್ಟೆ ಇತ್ತು, ಈಗ ಪ್ಲಾಸ್ಟಿಕ್ ಕೊಟ್ಟೆ ಬಂದಿದೆ. ಯಾವುದರಿಂದ ಕಟ್ಟಿದರೂ ನಿಯಮ ಒಂದೇ: ಕಟ್ಟಿದ್ದನ್ನು ಬಿಚ್ಚಲು ಬರಬೇಕು, ಬಿಚ್ಚುವ ಕೈ ಊರಿನಲ್ಲಿಯೇ ಇರಬೇಕು. ಬಿಚ್ಚಲಾಗದ ಕೊಟ್ಟೆಯನ್ನು ಯಾವ ಬೆಳೆಗಾರನೂ ತನ್ನ ತೋಟದಲ್ಲಿ ಕಟ್ಟಿಸಿಕೊಳ್ಳುವುದಿಲ್ಲ.

ಈ ನಿಯಮ ನನಗೆ ನೆನಪಾದದ್ದು ತೋಟದಲ್ಲಲ್ಲ, ಒಂದು ಸಭೆಯಲ್ಲಿ. ನಮ್ಮೂರಿಗೆ ಹತ್ತಿರದ ಪೇಟೆಯ ಬಸ್ ನಿಲ್ದಾಣದ ಎದುರು ಸುಮಾರು 12 ಚದರ ಮೀಟರಿನ ಎಲ್‌ಇಡಿ ಪರದೆಯೊಂದು ಎರಡು ಮಳೆಗಾಲ ಬೆಳಗಿತು. ಮೂರನೆಯ ಮಳೆಗಾಲಕ್ಕೆ ಅದರ ಮುಖದ ಮೇಲೆ ಕಪ್ಪು ಚೌಕಗಳು ಮೂಡಿದವು. ಅಕ್ಷರಗಳ ಸಾಲು ಹಲ್ಲುದುರಿದ ಬಾಯಿಯಂತೆ ಕಾಣತೊಡಗಿತು. ಕೊನೆಗೆ ಪರದೆ ಪೂರ್ತಿ ಆರಿತು. ಅದನ್ನು ಕಳಚಿ ಹೊಸದನ್ನು ಹಾಕುವ ಪ್ರಸ್ತಾಪ ಬಂದಾಗ ಸಾರ್ವಜನಿಕರ ಸಭೆ ಸೇರಿತು. ಮಾರಾಟಗಾರರ ಪ್ರತಿನಿಧಿ ನುಣುಪು ಕಾಗದದ ಪರಿಚಯ ಪತ್ರಗಳನ್ನು ಹಂಚಿದರು. ಎಸ್‌ಎಂಡಿ, ಜಿಒಬಿ, ಸಿಒಬಿ ಎಂಬ ಮೂರು ತಲೆಬರಹಗಳು. ಒಂದೊಂದರ ಕೆಳಗೂ ಗುಣಗಳ ಪಟ್ಟಿ. ಯಾವುದರ ಚಿತ್ರ ಹೆಚ್ಚು ನಯ ಎಂಬುದರ ಮೇಲೆ ಒಂದು ಗಂಟೆ ಚರ್ಚೆ ನಡೆಯಿತು. ಹಿಂದಿನ ಸಾಲಿನಲ್ಲಿದ್ದ ವಯಸ್ಸಾದ ಕೊನೆಗಾರರೊಬ್ಬರು ಮಾತ್ರ ಎದ್ದು ನಿಂತು, "ಸ್ವಾಮಿ, ಇದು ಕೆಟ್ರೆ ಬಿಚ್ಚೋರು ಯಾರು?" ಎಂದು ಕೇಳಿದರು. "ಬಿಚ್ಚೋ ಪ್ರಸಂಗವೇ ಬರಲ್ಲ ಯಜಮಾನ್ರೇ, ಪೂರ್ತಿ ಸೀಲ್ ಆಗಿರುತ್ತೆ" ಎಂಬ ಉತ್ತರ ಬಂತು. ಸಭೆ ನಕ್ಕಿತು. ಯಜಮಾನರು ಕುಳಿತರು.

ಓದುಗ ಮಿತ್ರರೇ, ಅಂದು ನಾವು ನಗಬಾರದಿತ್ತು. ಆ ಪತ್ರದಲ್ಲಿ ಅಚ್ಚಾಗಿದ್ದ ಎಲ್ಲ ವಿವರಗಳಿಗಿಂತ ದೊಡ್ಡ ಪ್ರಶ್ನೆ ಅದಾಗಿತ್ತು. ವಿದ್ಯುನ್ಮಾನ ನನ್ನ ವಿಷಯವಲ್ಲ; ನನ್ನ ಓದು ಬೆಳೆ ಮತ್ತು ಕೀಟಗಳಿಗೆ ಸಂಬಂಧಿಸಿದ್ದು. ಆದರೆ ನಮ್ಮ ಬೆಟ್ಟದ ಮೇಲೆ ನಿಲ್ಲಿಸುವ ವಸ್ತು ಯಾವುದರಿಂದ ಆಗಿದೆ, ಹೇಗೆ ಬಾಳುತ್ತದೆ, ಹೇಗೆ ಸಾಯುತ್ತದೆ ಎಂಬುದನ್ನು ಅರಿಯಲು ತಜ್ಞರೇ ಆಗಿರಬೇಕಾಗಿಲ್ಲ. ಅರಿಯಲು ಯತ್ನಿಸಿದ ಮೇಲೆ ನಾನು ತಲುಪಿದ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಪರದೆಯ ಮಾರಾಟಗಾರರು ಮೂರು ಗುಣಗಳನ್ನು ಹೊಗಳುತ್ತಾರೆ: ಚಿತ್ರದ ಸೂಕ್ಷ್ಮತೆ, ಸಂಪೂರ್ಣ ಮುಚ್ಚಿಗೆ, ವಿಶಾಲ ನೋಟಕೋನ. ನಗರದ ಹವಾನಿಯಂತ್ರಿತ ಕೋಣೆಯಲ್ಲಿ ಇವು ನಿಜವಾಗಿಯೂ ಗುಣಗಳೇ. ಬೆಟ್ಟದೂರಿನ ಬೀದಿಯಲ್ಲಿ ಈ ಮೂರೂ ದೋಷಗಳು.

ಚಿಪ್ಪು ಒಂದೇ, ಹೊದಿಕೆ ಹಲವು

ಎಲ್‌ಇಡಿ ಎಂದರೆ ವಿದ್ಯುತ್ ಹರಿದಾಗ ಬೆಳಗುವ ಅರೆವಾಹಕದ ಒಂದು ಕಣ. ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲಿ ಮಾಡಿ ತೋರಿಸಿದರು. ಪ್ರಖರವಾದ ನೀಲಿ ಬೆಳಕಿಗಾಗಿ 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧ್ಯಗೊಳಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶೂಜಿ ನಾಕಾಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಕೆಂಪು, ಹಸಿರು, ನೀಲಿ ಮೂರೂ ಕೈಗೆ ಬಂದ ಮೇಲೆಯೇ ಇಂದಿನ ಬಣ್ಣದ ದೊಡ್ಡ ಪರದೆ ಹುಟ್ಟಿದ್ದು. ಪರದೆಯ ಪ್ರತಿಯೊಂದು ಬಿಂದುವಿನಲ್ಲಿಯೂ ಈ ಮೂರು ಬಣ್ಣಗಳ ಮೂರು ಚಿಪ್ಪುಗಳಿರುತ್ತವೆ.

ಬರಿಯ ಚಿಪ್ಪು ಸಾಸಿವೆ ಕಾಳಿಗಿಂತ ಎಷ್ಟೋ ಪಾಲು ಚಿಕ್ಕದು. ಅದು ತೇವವನ್ನೂ ಧೂಳನ್ನೂ ಪೆಟ್ಟನ್ನೂ ತಾಳದು. ಅದಕ್ಕೆ ವಿದ್ಯುತ್ತಿನ ಜೋಡಣೆ ಕೊಟ್ಟು, ಮೇಲೊಂದು ಪಾರದರ್ಶಕ ಹೊದಿಕೆ ಹಾಕಬೇಕು. ಈ ಕೆಲಸವನ್ನೇ ಪ್ಯಾಕೇಜಿಂಗ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಚಿಪ್ಪಿಗೆ ಕಟ್ಟುವ ಕೊಟ್ಟೆ.

ಮೊದಲನೆಯದು ಡಿಐಪಿ. ಎಪಾಕ್ಸಿಯ ಗುಮ್ಮಟದೊಳಗೆ ಚಿಪ್ಪು, ಕೆಳಗೆ ಎರಡು ಲೋಹದ ಕಾಲುಗಳು. ಹಳೆಯ ರೇಡಿಯೋಗಳ ಕೆಂಪು ಚುಕ್ಕೆ ದೀಪವನ್ನು ನೋಡಿದವರೆಲ್ಲ ಇದನ್ನು ಬಲ್ಲರು. ಕಾಲುಗಳನ್ನು ಹಲಗೆಯ ರಂಧ್ರಗಳಲ್ಲಿ ತೂರಿಸಿ ಬೆಸುಗೆ ಹಾಕುತ್ತಾರೆ. ಗಾತ್ರ ದೊಡ್ಡದು, ಆದ್ದರಿಂದ ಬಿಂದುಗಳನ್ನು ಹತ್ತಿರ ಹತ್ತಿರ ಕೂರಿಸಲಾಗದು. ಬೆಳಕು ಮುಂದಕ್ಕೆ ನೇರವಾಗಿ ಹೋಗುತ್ತದೆ, ಪಕ್ಕಕ್ಕೆ ಹರಡುವುದು ಕಡಿಮೆ. ಚಿತ್ರಕ್ಕೆ ಇದು ಒರಟು, ಅಕ್ಷರಕ್ಕೆ ಬೇಕಾದಷ್ಟಾಯಿತು.

ಎರಡನೆಯದು ಎಸ್‌ಎಂಡಿ. ಕೆಲವೇ ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಬಟ್ಟಲಿನಲ್ಲಿ ಮೂರು ಬಣ್ಣದ ಚಿಪ್ಪುಗಳನ್ನೂ ಒಟ್ಟಿಗೆ ಕೂರಿಸಿ, ಕೂದಲಿಗಿಂತ ತೆಳುವಾದ ತಂತಿಗಳಿಂದ ಜೋಡಿಸಿ, ಮೇಲೆ ಅಂಟು ತುಂಬುತ್ತಾರೆ. ಹೀಗೆ ಸಿದ್ಧವಾದ ದೀಪಗಳನ್ನು ಬೆಳಗಿಸಿ ನೋಡಿ, ಬಣ್ಣ ಮತ್ತು ಪ್ರಖರತೆಗೆ ಅನುಗುಣವಾಗಿ ವಿಂಗಡಿಸಿ, ಆಮೇಲೆ ಹಲಗೆಯ ಮೇಲ್ಮೈಗೆ ಬೆಸೆಯುತ್ತಾರೆ. ಇಂದು ಬೀದಿಗಳಲ್ಲಿ ಕಾಣುವ ಬಹುಪಾಲು ಪರದೆಗಳು ಈ ಬಗೆಯವು. ಇದರ ದೌರ್ಬಲ್ಯವೂ ಸ್ಪಷ್ಟ: ಪ್ಲಾಸ್ಟಿಕ್ಕಿಗೂ ಲೋಹಕ್ಕೂ ನಡುವಿನ ಸಂದಿನಲ್ಲಿ ತೇವ ನುಸುಳುತ್ತದೆ, ತಂತಿ ತುಂಡಾಗುತ್ತದೆ, ಪೆಟ್ಟು ಬಿದ್ದರೆ ದೀಪವೇ ಕಿತ್ತುಬರುತ್ತದೆ. ಆದರೆ ಕೆಟ್ಟ ಒಂದು ದೀಪವನ್ನು ಬಿಸಿಗಾಳಿಯಿಂದ ಬಿಡಿಸಿ ಇನ್ನೊಂದನ್ನು ಕೂರಿಸಬಹುದು. ಮೊಬೈಲ್ ದುರಸ್ತಿ ಬಲ್ಲ ಹುಡುಗನಿಗೆ ಇದು ಅಸಾಧ್ಯದ ಕೆಲಸವಲ್ಲ.

ಮೂರನೆಯದು ಜಿಒಬಿ, ಅಂದರೆ ಗ್ಲೂ ಆನ್ ಬೋರ್ಡ್. ಇದು ಸ್ವತಂತ್ರ ಜಾತಿಯಲ್ಲ. ಎಸ್‌ಎಂಡಿ ಹಲಗೆಯ ಮೇಲೆಯೇ ಪಾರದರ್ಶಕ ಅಂಟಿನ ದಪ್ಪ ಪದರವನ್ನು ಸುರಿದು ಗಟ್ಟಿಮಾಡಿದ್ದು. ಪೆಟ್ಟು ತಾಳುತ್ತದೆ, ಒರೆಸಲು ಸುಲಭ. ಆದರೆ ಒಮ್ಮೆ ಗಟ್ಟಿಯಾದ ಎಪಾಕ್ಸಿ ಬಿಸಿಮಾಡಿದರೆ ಬೆಣ್ಣೆಯಂತೆ ಕರಗುವ ವಸ್ತುವಲ್ಲ. ಒಳಗಿನ ಒಂದು ದೀಪ ಸತ್ತರೆ ಅಂಟನ್ನು ಅಗೆದು ತೆಗೆಯಬೇಕು. ಅಗೆಯುವಾಗ ನೆರೆಯ ದೀಪಗಳಿಗೂ ಪೆಟ್ಟು ತಪ್ಪದು.

ನಾಲ್ಕನೆಯದು ಸಿಒಬಿ, ಅಂದರೆ ಚಿಪ್ ಆನ್ ಬೋರ್ಡ್. ಇಲ್ಲಿ ಬಟ್ಟಲೇ ಇಲ್ಲ. ಬರಿಯ ಚಿಪ್ಪುಗಳನ್ನು ನೇರವಾಗಿ ಹಲಗೆಯ ಮೇಲೆ ಕೂರಿಸಿ, ಇಡೀ ಹಲಗೆಗೆ ಒಂದೇ ಹೊದಿಕೆ ಹಾಕುತ್ತಾರೆ. ಚಿಪ್ಪನ್ನು ಮಗುಚಿ ಕೂರಿಸುವ ಹೊಸ ವಿಧಾನದಲ್ಲಿ ತಂತಿಯೂ ಬೇಕಿಲ್ಲ. ಅನ್ಯಾಯ ಮಾಡದೆ ಹೇಳಬೇಕು: ಇದು ಜಾಣತನದ ತಂತ್ರಜ್ಞಾನ. ಶಾಖ ನೇರವಾಗಿ ಹಲಗೆಗೆ ಹರಿಯುತ್ತದೆ, ಬೆಸುಗೆಗಳು ಕಡಿಮೆ, ಸಂದುಗಳು ಕಡಿಮೆ. ಆದ್ದರಿಂದ ಕೆಡುವ ಅವಕಾಶವೂ ಕಡಿಮೆ. ಕಪ್ಪು ನೆಲ ಚೆನ್ನಾಗಿ ಕಪ್ಪಾಗಿ ಕಾಣುತ್ತದೆ. ಆದರೆ ಕೆಟ್ಟ ದಿನ ಅದನ್ನು ಸರಿಪಡಿಸುವುದು ಕಾರ್ಖಾನೆಯ ವಿಶೇಷ ಯಂತ್ರದ ಕೆಲಸ. ಊರಿನಲ್ಲಿ ಮಾಡಬಹುದಾದದ್ದು ಒಂದೇ: ಇಡೀ ಹಲಗೆಯನ್ನು ಕಿತ್ತು ಇನ್ನೊಂದನ್ನು ಹಾಕುವುದು.

ಇವುಗಳ ಜೊತೆಗೆ ಇತ್ತೀಚಿನ ವರ್ಷಗಳಲ್ಲಿ ಬಂದಿರುವುದು ಎಂಐಪಿ. ಅತಿ ಸಣ್ಣ ಮೈಕ್ರೋ ಚಿಪ್ಪುಗಳಿಗೆ ಬಿಡಿಬಿಡಿಯಾಗಿ ಹೊದಿಕೆ ಹಾಕಿ, ಪರೀಕ್ಷಿಸಿ, ವಿಂಗಡಿಸಿ, ಬಳಿಕ ಎಸ್‌ಎಂಡಿಯಂತೆ ಹಲಗೆಗೆ ಬೆಸೆಯುವ ಕ್ರಮ. ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ಬೇರ್ಪಡಿಸಿದ ಮೇಲೆ ಚೀಲ ತುಂಬುವವರಿಗೆ ಇದರ ಲಾಭ ತಿಳಿಯುತ್ತದೆ. ಸಿಒಬಿಯಲ್ಲಿ ಹೀಗೆ ಹೊದಿಕೆ ಹಾಕಿ ಬಿಡಿಯಾಗಿ ಬೆಳಗಿಸಿ ನೋಡುವ ಹಂತವೇ ಇಲ್ಲ. ಚೀಲ ಹೊಲಿದ ಮೇಲೆ ಬಣ್ಣದ ಏರುಪೇರನ್ನು ಗಣಕದ ಲೆಕ್ಕದಿಂದ ಸರಿದೂಗಿಸಬೇಕು.

ಸೂಕ್ಷ್ಮತೆ ಯಾರಿಗಾಗಿ?

ಬಿಂದುವಿನಿಂದ ಬಿಂದುವಿಗೆ ಇರುವ ದೂರವನ್ನು ಪಿಚ್ ಎನ್ನುತ್ತಾರೆ. ಪಿ10 ಎಂದರೆ 10 ಮಿಲಿಮೀಟರ್. ಆಗ ಒಂದು ಚದರ ಮೀಟರಿಗೆ 10,000 ಬಿಂದುಗಳು. ಪಿ1.25 ಆದರೆ ಅದೇ ಜಾಗದಲ್ಲಿ 6,40,000 ಬಿಂದುಗಳು. ಬಿಂದುವಿಗೆ ಮೂರು ಚಿಪ್ಪು ಎಂದು ಹಿಡಿದರೆ, 12 ಚದರ ಮೀಟರಿನ ಪರದೆಗೆ ಮೊದಲನೆಯ ಲೆಕ್ಕದಲ್ಲಿ 3,60,000 ಚಿಪ್ಪುಗಳು. ಎರಡನೆಯದರಲ್ಲಿ 2 ಕೋಟಿ 30 ಲಕ್ಷಕ್ಕೂ ಹೆಚ್ಚು. ವಿದ್ಯಾರ್ಥಿಗಳು ಕಾಗದ ತೆಗೆದುಕೊಂಡು ಗುಣಿಸಿ ನೋಡಬಹುದು.

ಈ ಸೂಕ್ಷ್ಮತೆ ಯಾವಾಗ ಬೇಕು? ಪಿಚ್ ಎಷ್ಟು ಮಿಲಿಮೀಟರೋ ಸುಮಾರು ಅಷ್ಟು ಮೀಟರ್ ದೂರದಿಂದ ಬಿಂದುಗಳು ಕೂಡಿಕೊಂಡು ಚಿತ್ರವಾಗತೊಡಗುತ್ತವೆ ಎಂಬುದು ಈ ವ್ಯವಹಾರದವರೇ ಬಳಸುವ ಸ್ಥೂಲ ಸೂತ್ರ. ಅಂದರೆ ಪಿ1.25 ಪರದೆ ಇರುವುದು ಒಂದೆರಡು ಮೀಟರ್ ದೂರದಲ್ಲಿ ಕುಳಿತು ನೋಡುವವರಿಗೆ. ಪ್ರವಾಹ, ಭೂಕುಸಿತಗಳ ಮೇಲೆ ಕಣ್ಣಿಡುವ ನಿಯಂತ್ರಣ ಕೊಠಡಿಯಲ್ಲಿ ನಕ್ಷೆಯ ಗೆರೆಗೆರೆಯೂ ಕಾಣಬೇಕು. ಅಲ್ಲಿ ಸಿಒಬಿ ಇರಲಿ, ನನ್ನ ತಕರಾರಿಲ್ಲ. ಆದರೆ ಬಸ್ ನಿಲ್ದಾಣದ ಎದುರು 15 ಮೀಟರ್ ದೂರದಲ್ಲಿ ಕೊಡೆ ಹಿಡಿದು ನಿಂತವರಿಗೆ ಬೇಕಾಗಿರುವುದು ಬಸ್ಸಿನ ಸಮಯ, ಮಳೆಯ ಮುನ್ಸೂಚನೆ, ಅಡಿಕೆ ಧಾರಣೆ. ಅಂಥಲ್ಲಿ ಸೂಕ್ಷ್ಮ ಪರದೆಯನ್ನು ಕೊಳ್ಳುವುದೆಂದರೆ ಕಾಣದ ಬಿಂದುಗಳಿಗೆ ಹಣ ತೆತ್ತು, ಕಾಣದ ಬಿಂದುಗಳನ್ನೇ ನಾಳೆ ಕಸವಾಗಿ ಹೊತ್ತುಕೊಳ್ಳುವುದು. ಇದು ಯಾರ ಹಿತಕ್ಕೆ? ಅಲ್ಲಿ ಬೆಳಗುವ ಸೋಪು, ಚಿನ್ನ, ರೆಸಾರ್ಟುಗಳ ಹಿತಕ್ಕೆ ಮಾತ್ರ.

ಮುಚ್ಚಿಗೆಯ ಮಾಯೆ

ಈಗ ಎದುರಾಳಿಗಳ ಅತ್ಯಂತ ಬಲವಾದ ವಾದಕ್ಕೆ ಬರೋಣ. "ಮಲೆನಾಡು ಮಳೆಯ ನಾಡು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆದ್ದರಿಂದ ಪೂರ್ತಿ ಮುಚ್ಚಿದ ಪರದೆಯೇ ನಿಮಗೆ ಹೇಳಿಮಾಡಿಸಿದ್ದು" ಎಂಬುದು ಆ ವಾದ. ಕೇಳಲು ಸಮಂಜಸವಾಗಿದೆ. ಪರೀಕ್ಷಿಸಿ ನೋಡೋಣ.

ಪರಿಚಯ ಪತ್ರಗಳಲ್ಲಿ ಐಪಿ65 ಎಂಬ ಸಂಕೇತ ದೊಡ್ಡದಾಗಿ ಕಾಣುತ್ತದೆ. 6 ಎಂದರೆ ಧೂಳು ಒಳಸೇರದು, 5 ಎಂದರೆ ನೀರಿನ ಧಾರೆ ತಾಳುತ್ತದೆ ಎಂದರ್ಥ. ಆದರೆ ಆ ಪರೀಕ್ಷೆ ಕೆಲವೇ ನಿಮಿಷಗಳ ಕಾಲ ಕೊಳವೆಯಿಂದ ನೀರು ಹಾಯಿಸುವ ಪರೀಕ್ಷೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ ಬೆವರುತ್ತದೆ, ಪುಸ್ತಕಕ್ಕೆ ಬೂಸಲು ಹಿಡಿಯುತ್ತದೆ, ಉಪ್ಪು ನೀರಾಗುತ್ತದೆ. ಇದು ಧಾರೆಯ ನೀರಲ್ಲ, ಗಾಳಿಯೊಳಗಿನ ಆವಿ; ನಾಲ್ಕು ತಿಂಗಳು ಬಿಡದೆ ಒತ್ತುವ ಆವಿ. ಎಪಾಕ್ಸಿಯೂ ಆವಿಗೆ ಪೂರ್ತಿ ತಡೆಗೋಡೆಯಲ್ಲ. ನಿಧಾನವಾಗಿಯಾದರೂ ತೇವ ಅದರೊಳಗೆ ಇಳಿಯುತ್ತದೆ.

ಇನ್ನೂ ಮುಖ್ಯವಾದ ಮಾತು: ಐಪಿ65 ಎಂದು ಬರೆದಿರುವುದು ಅನೇಕ ವೇಳೆ ಪರದೆಯ ಮುಖಕ್ಕೆ. ಬೆನ್ನಿನ ಗತಿ ಏನು? ದೀಪಕ್ಕೆ ವಿದ್ಯುತ್ ಕೊಡುವ ಪೆಟ್ಟಿಗೆ, ಚಿತ್ರದ ಸಂಕೇತವನ್ನು ಪಡೆಯುವ ಕಾರ್ಡು, ಪಟ್ಟಿ ತಂತಿಗಳು, ಅವುಗಳ ಕೊಂಡಿಗಳು ಎಲ್ಲವೂ ಬೆನ್ನಿನಲ್ಲಿವೆ. ಅಲ್ಲಿ ಹಲ್ಲಿ ಮೊಟ್ಟೆಯಿಡುತ್ತದೆ, ಇರುವೆ ಗೂಡು ಕಟ್ಟುತ್ತದೆ, ಕೊಂಡಿಗಳಿಗೆ ಕಿಲುಬು ಹಿಡಿಯುತ್ತದೆ. ಸಿಡಿಲಿನ ದಿನಗಳಲ್ಲಿ ವೋಲ್ಟೇಜಿನ ಏರಿಳಿತ ಬೇರೆ. ಮುಖಕ್ಕೆ ಎಷ್ಟು ದಪ್ಪ ಅಂಟು ಬಳಿದರೂ ಬೆನ್ನಿನ ಈ ರೋಗಗಳಿಗೆ ಅದು ಔಷಧವಲ್ಲ. ನಮ್ಮ ಪೇಟೆಯ ಪರದೆಯ ಮುಖದಲ್ಲಿ ಕಂಡ ಚೌಕಾಕಾರದ ಕಪ್ಪುಗಳನ್ನು ನೆನೆಯಿರಿ. ಬಿಡಿ ದೀಪ ಸತ್ತರೆ ಚುಕ್ಕೆ ಕಾಣುತ್ತದೆ. ಚೌಕಕ್ಕೆ ಚೌಕವೇ ಆರಿದರೆ ಸಾಮಾನ್ಯವಾಗಿ ಹುಡುಕಬೇಕಾದದ್ದು ಹಿಂದಿನ ಕೊಂಡಿ, ತಂತಿ ಮತ್ತು ವಿದ್ಯುತ್ ಪೆಟ್ಟಿಗೆಗಳಲ್ಲಿ. ಅದನ್ನು ಹುಡುಕುವವರು ಊರಿನಲ್ಲಿರಲಿಲ್ಲ, ಹೊರಗಿನಿಂದ ಯಾರೂ ಬರಲಿಲ್ಲ.

ಇನ್ನು ಹಲಗೆಯ ಲೆಕ್ಕ. ಹೊರಾಂಗಣದ ಸಾಮಾನ್ಯ ಪಿ10 ಹಲಗೆ 320 ಮಿಲಿಮೀಟರ್ ಉದ್ದ, 160 ಮಿಲಿಮೀಟರ್ ಅಗಲ. ಅದರಲ್ಲಿ 512 ಬಿಂದುಗಳು. ಇದರ ಅರ್ಧದಷ್ಟು ಜಾಗದ ಪಿ1.25 ಸಿಒಬಿ ಹಲಗೆಯಲ್ಲಿ ಸುಮಾರು 16,000 ಬಿಂದುಗಳು. ಒಂದು ಮೂಲೆಗೆ ಪೆಟ್ಟು ಬಿದ್ದರೆ ಮೊದಲನೆಯದರಲ್ಲಿ ನಾಲ್ಕಾರು ದೀಪ ಬದಲಾಯಿಸಿದರಾಯಿತು. ಎರಡನೆಯದರಲ್ಲಿ ಸಾವಿರಾರು ಒಳ್ಳೆಯ ಬಿಂದುಗಳೂ ಕೆಟ್ಟವುಗಳ ಜೊತೆಗೆ ಹೊರಗೆ ಹೋಗಬೇಕು. ಹೊಸ ಹಲಗೆ ಅದೇ ತಂಡದ ಉತ್ಪಾದನೆಯದಾಗಿರದಿದ್ದರೆ ಹಳೆಯ ಅಂಗಿಗೆ ಹಾಕಿದ ತೇಪೆಯಂತೆ ಬೇರೆ ಬಣ್ಣದಲ್ಲಿ ಕಾಣುತ್ತದೆ. ಆಗ ಬರುವ ಸಲಹೆ ನಮಗೆಲ್ಲ ಗೊತ್ತಿರುವಂಥದ್ದೇ: "ಪೂರ್ತಿ ಬದಲಾಯಿಸಿಬಿಡಿ."

ಮುಚ್ಚಿಗೆಯ ನಿಜವಾದ ಅರ್ಥ ಇದು. ನೀರು ಒಳಗೆ ಹೋಗದಂತೆ ಮುಚ್ಚುವುದು ಬೇರೆ, ಕೈ ಒಳಗೆ ಹೋಗದಂತೆ ಮುಚ್ಚುವುದು ಬೇರೆ. ಎರಡನೆಯ ಮುಚ್ಚಿಗೆಯಿಂದ ದುರಸ್ತಿಯ ಹಕ್ಕು ಊರಿನಿಂದ ಕಾರ್ಖಾನೆಗೆ ವರ್ಗವಾಗುತ್ತದೆ. ಬೀಜದ ವಿಷಯದಲ್ಲಿ ನಾವು ಈ ಕಥೆಯನ್ನು ಮೊದಲೇ ಕಂಡಿದ್ದೇವೆ: ಮನೆಯ ಕಣಜದಲ್ಲಿದ್ದ ಬಿತ್ತನೆ ಪ್ರತಿ ವರ್ಷ ಕೊಳ್ಳಬೇಕಾದ ಪೊಟ್ಟಣವಾಯಿತು. ಕೇಂದ್ರ ಸರ್ಕಾರ 2022ರಲ್ಲಿ ದುರಸ್ತಿ ಹಕ್ಕಿನ ಚೌಕಟ್ಟು ರೂಪಿಸಲು ಸಮಿತಿ ನೇಮಿಸಿದಾಗ ಆರಿಸಿಕೊಂಡ ವಲಯಗಳು ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು ಮತ್ತು ವಾಹನ. ಬೀದಿಯ ಪರದೆಗೆ ಅಲ್ಲಿ ಹೆಸರಿಲ್ಲ. ಆದ್ದರಿಂದ ಆ ಹಕ್ಕನ್ನು ಖರೀದಿಯ ಕರಾರಿನಲ್ಲಿಯೇ ಬರೆಸಿಕೊಳ್ಳುವುದೊಂದೇ ನಮಗಿರುವ ದಾರಿ.

ನೋಟಕೋನ ಮತ್ತು ಇರುಳು

ಮೂರನೆಯ ಗುಣ ವಿಶಾಲ ನೋಟಕೋನ. ಸಿಒಬಿ ಮತ್ತು ಎಸ್‌ಎಂಡಿ ಪರದೆಗಳನ್ನು 160 ಡಿಗ್ರಿಯಷ್ಟು ಪಕ್ಕದಿಂದಲೂ ನೋಡಬಹುದೆಂದು ಹೊಗಳುತ್ತಾರೆ. ಸಮತಟ್ಟಾದ ಸಭಾಂಗಣದಲ್ಲಿ ಇದು ಅನುಕೂಲ. ಬೆಟ್ಟದೂರಿನಲ್ಲಿ ಪರದೆಯ ಮೇಲೆ ಇಳಿಜಾರು, ಕೆಳಗೆ ಗದ್ದೆ, ಪಕ್ಕದಲ್ಲಿ ಕಾಡು. ಅಲ್ಲಿ 160 ಡಿಗ್ರಿ ಎಂದರೆ ಬೆಳಕು ಕಾಡಿಗೂ ಕಣಿವೆಗೂ ಆಕಾಶಕ್ಕೂ ಹರಡುವುದೆಂದೇ ಅರ್ಥ. ಹೊರಾಂಗಣದ ಎಸ್‌ಎಂಡಿ ಹಲಗೆಗಳಲ್ಲಿ ಪ್ರತಿ ಸಾಲಿನ ಮೇಲೂ ಒಂದು ಸಣ್ಣ ಸೂರು ಇರುತ್ತದೆ. ಬಿಸಿಲನ್ನು ತಡೆಯಲು ಮಾಡಿದ ಆ ಸೂರು ಮೇಲಕ್ಕೆ ಹೋಗುವ ಬೆಳಕನ್ನೂ ಕೊಂಚ ತಡೆಯುತ್ತದೆ. ಅಂಟಿನಿಂದ ಸಪಾಟಾದ ಸಿಒಬಿ, ಜಿಒಬಿ ಮುಖಗಳಿಗೆ ಸೂರೇ ಇಲ್ಲ. ಹೊಗಳಿಕೆಗೆ ಪಾತ್ರವಾಗದ ಹಳೆಯ ಡಿಐಪಿ ತನ್ನ ಕಿರಿದಾದ ಕೋನದಿಂದಲೇ ಇಲ್ಲಿ ಕಡಿಮೆ ಹಾನಿಕಾರಿ.

ಒಂದು ಲೆಕ್ಕ ಮಾಡೋಣ. ಹೊರಾಂಗಣದ ಪರದೆ ಹಗಲಿನ ಬಿಸಿಲಿಗೆ ಎದುರಾಗಿ ಕಾಣಬೇಕಾದ್ದರಿಂದ 5,000 ನಿಟ್ಸ್ ಅಥವಾ ಅದಕ್ಕಿಂತ ಹೆಚ್ಚಿನ ಪ್ರಖರತೆಗೆ ತಯಾರಾಗುತ್ತದೆ. 12 ಚದರ ಮೀಟರಿನ ಪರದೆ ಪೂರ್ತಿ ಬಿಳಿಯಾಗಿ, ಪೂರ್ತಿ ಪ್ರಖರತೆಯಲ್ಲಿ ಉರಿದರೆ ನೇರ ಎದುರಿಗೆ 60,000 ಕ್ಯಾಂಡೆಲಾ. ದೂರದ ವರ್ಗದಿಂದ ಭಾಗಿಸಿದರೆ, 100 ಮೀಟರ್ ಆಚೆಯ ಮರದ ಮೇಲೆ 6 ಲಕ್ಸ್ ಬೆಳಕು ಬೀಳುತ್ತದೆ. ಹುಣ್ಣಿಮೆಯ ಬೆಳದಿಂಗಳು ಹೆಚ್ಚೆಂದರೆ ಸುಮಾರು 0.3 ಲಕ್ಸ್. ಅಂದರೆ ಆ ಮರಕ್ಕೆ ಅಂದು ಇಪ್ಪತ್ತು ಹುಣ್ಣಿಮೆ! ಅದೇ ಪರದೆಯನ್ನು ರಾತ್ರಿ 300 ನಿಟ್ಸ್‌ಗೆ ಇಳಿಸಿದರೆ ಲೆಕ್ಕ ಸರಿಸುಮಾರು ಒಂದು ಹುಣ್ಣಿಮೆಗೆ ಬರುತ್ತದೆ. ಇಳಿಸಲು ಯಾವ ಹೊಸ ಯಂತ್ರವೂ ಬೇಡ. ಒಂದು ನಿರ್ಧಾರ ಸಾಕು.

ಕೃಷಿಕರಿಗೆ ಇದರಿಂದ ಏನಾಗಬೇಕು ಎಂದು ಕೇಳಬಹುದು. ಭತ್ತದ ಕಾಂಡಕೊರಕದ ಪತಂಗ, ಕಂದು ಜಿಗಿಹುಳು, ಅಡಿಕೆಯ ಬೇರುಹುಳುವಿನ ದುಂಬಿ ಮುಂತಾದವುಗಳಿಗೆ ನಾವು ಬೆಳಕಿನ ಬಲೆ ಇಡುತ್ತೇವೆ. ಸಂಜೆಯ ಕೆಲವೇ ಗಂಟೆ ಉರಿಸಿ ಆರಿಸಿ ಎಂದು ರೈತರಿಗೆ ಹೇಳುತ್ತೇವೆ. ಏಕೆಂದರೆ ಬಲೆಗೆ ಬೆಳೆಗಾರನ ಮಿತ್ರಕೀಟಗಳೂ ಬೀಳುತ್ತವೆ. ಬೀದಿಯ ಪರದೆ ಎಂದರೆ ಯಾರೂ ಆರಿಸದ, ಯಾರೂ ಲೆಕ್ಕವಿಡದ ಬೆಳಕಿನ ಬಲೆ. ಮೊದಲ ಮಳೆಗೆ ಏಳುವ ರೆಕ್ಕೆಗೆದ್ದಲುಗಳ ರಾಶಿಯನ್ನು ಅದರ ಬುಡದಲ್ಲಿ ಬೆಳಿಗ್ಗೆ ಗುಡಿಸುವವರನ್ನು ಕೇಳಿ ನೋಡಿ.

ಹೊರದೇಶಗಳ ಅಧ್ಯಯನಗಳೂ ಇದನ್ನೇ ಹೇಳುತ್ತವೆ. ಸ್ವಿಟ್ಜರ್ಲೆಂಡಿನ ಬೆಟ್ಟದ ತಪ್ಪಲಿನ ಹುಲ್ಲುಗಾವಲುಗಳಲ್ಲಿ ಎಲ್‌ಇಡಿ ಬೀದಿದೀಪ ಇಟ್ಟು ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೆಳಕಿದ್ದ ಕಡೆ ಹೂವಿಗೆ ಬರುವ ನಿಶಾಚರಿ ಕೀಟಗಳ ಭೇಟಿ ಶೇ. 62ರಷ್ಟು ಕುಸಿದಿತ್ತು. ಹಗಲಿನ ಕೀಟಗಳು ಬಂದರೂ ಆ ನಷ್ಟ ತುಂಬಲಿಲ್ಲ, ಕಾಯಿಕಟ್ಟುವಿಕೆ ಶೇ. 13ರಷ್ಟು ಇಳಿಯಿತು. ದಕ್ಷಿಣ ಇಂಗ್ಲೆಂಡಿನ 2021ರ ಅಧ್ಯಯನ ಬೀದಿದೀಪವಿದ್ದ ಬೇಲಿಸಾಲುಗಳಲ್ಲಿ ಪತಂಗದ ಮರಿಹುಳುಗಳು ಶೇ. 47ರಷ್ಟು ಕಡಿಮೆ ಇರುವುದನ್ನು ಕಂಡಿತು. ಹಳದಿ ಸೋಡಿಯಂ ದೀಪಕ್ಕಿಂತ ಬಿಳಿ ಎಲ್‌ಇಡಿಯ ಪರಿಣಾಮ ಹೆಚ್ಚಾಗಿತ್ತು. ಇವು ಬೀದಿದೀಪದ ಅಧ್ಯಯನಗಳು, ಪರದೆಯವಲ್ಲ. ಆದರೆ ಬೀದಿದೀಪ ನೆಲವನ್ನು ನೋಡುತ್ತದೆ, ಪರದೆ ದಿಗಂತವನ್ನು ನೋಡುತ್ತದೆ. ಹಗಲು ಕಿರಿದಾಗಿ ಇರುಳು ಹಿಗ್ಗಿದಾಗ ಹೊಡೆ ಹೊರಡುವ ನಮ್ಮ ಹಳೆಯ ಭತ್ತದ ತಳಿಗಳು ರಾತ್ರಿಯ ಕೆಲವೇ ಲಕ್ಸ್ ಬೆಳಕಿಗೂ ದಾರಿತಪ್ಪಿ ತಡವಾಗಿ ತೆನೆ ಬಿಡಬಲ್ಲವು. ಮುಂಗಾರಿನ ಮುನ್ನ ಬೆಳಕಿನಿಂದಲೇ ಸಂಗಾತಿಯನ್ನು ಕರೆಯುವ ಮಿಂಚುಹುಳುವಿನ ಪಾಡನ್ನು ಬೇರೆ ಹೇಳಬೇಕೆ?

ವಿದ್ಯುತ್ತೂ ಕಸವೂ

ಸಿಒಬಿಯಿಂದ ವಿದ್ಯುತ್ ಉಳಿತಾಯ ಎಂಬ ಪ್ರಚಾರವೂ ಇದೆ. ಅದರಲ್ಲಿ ಒಂದು ಪಾಲು ಬರುವುದು ಹೊದಿಕೆಯಿಂದಲ್ಲ. ಕೆಂಪು ಚಿಪ್ಪಿಗೆ ಸುಮಾರು 2 ವೋಲ್ಟ್, ಹಸಿರು ಮತ್ತು ನೀಲಿಗೆ ಸುಮಾರು 3 ವೋಲ್ಟ್ ಸಾಕು. ಮೂರಕ್ಕೂ ಒಂದೇ ಹೆಚ್ಚಿನ ವೋಲ್ಟೇಜು ಕೊಟ್ಟಾಗ ಉಳಿದದ್ದು ಶಾಖವಾಗಿ ಹೋಗುತ್ತದೆ. ಬಣ್ಣಕ್ಕೆ ತಕ್ಕಂತೆ ಬೇರೆ ಬೇರೆ ವೋಲ್ಟೇಜು ಕೊಡುವ ಕಾಮನ್ ಕ್ಯಾಥೋಡ್ ಜೋಡಣೆಯಿಂದ ಉಳಿತಾಯವಾಗುತ್ತದೆ ನಿಜ. ಆದರೆ ಅದು ಚಾಲಕ ಮಂಡಲದ ಗುಣ, ಎಸ್‌ಎಂಡಿಯಲ್ಲಿಯೂ ಸಾಧ್ಯ.

ಚದರ ಮೀಟರಿಗೆ ಸರಾಸರಿ 250 ವಾಟ್ ಎಂದು ಹಿಡಿಯೋಣ. 12 ಚದರ ಮೀಟರಿಗೆ 3 ಕಿಲೋವಾಟ್. ದಿನಕ್ಕೆ 16 ಗಂಟೆಯಂತೆ 48 ಯೂನಿಟ್. ವರ್ಷಕ್ಕೆ 17,520 ಯೂನಿಟ್. ತಿಂಗಳಿಗೆ 50 ಯೂನಿಟ್ ಬಳಸುವ 29 ಮನೆಗಳ ಇಡೀ ವರ್ಷದ ವಿದ್ಯುತ್ತು ಇದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಜನ ನೆಲೆ ಕಳೆದುಕೊಂಡರು. ಈಗ ಅದೇ ಕಣಿವೆಗೆ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದಾಗ ಕೊಡುವ ಮುಖ್ಯ ಸಮರ್ಥನೆ ದಿನದ ಗರಿಷ್ಠ ಬೇಡಿಕೆಯ ಗಂಟೆಗಳದು. ಸಂಜೆಯ ಆ ಗಂಟೆಗಳಲ್ಲಿಯೇ ಜಾಹೀರಾತಿನ ಪರದೆಗಳು ಉರಿಯುತ್ತಿರುತ್ತವೆ. ಕಾಡು ಮುಳುಗಿಸಿ ಪಡೆದ ವಿದ್ಯುತ್ತಿನಿಂದ ಕಾಡಿನ ಇರುಳನ್ನು ಕೆಡಿಸುವುದಕ್ಕೆ ಅಭಿವೃದ್ಧಿ ಎಂದು ಹೆಸರು.

ಕಸದ ವಿಷಯದಲ್ಲಿ ನಮ್ಮ ಮೇಲೂ ಒಂದು ಹೊಣೆಯಿದೆ. ಫ್ಲೆಕ್ಸ್ ಬೇಡವೆಂದು ಕೂಗಿದವರು ನಾವು. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರುಗಳನ್ನು ನಿಷೇಧಿಸಿದಾಗ ಸಂತೋಷಪಟ್ಟವರೂ ನಾವೇ. ಇಂದು ಪರದೆಯನ್ನು ಮಾರುವವರು ಅದೇ ಮಾತನ್ನು ಹಿಡಿದು, "ಇದು ಫ್ಲೆಕ್ಸಿಗೆ ಪರಿಸರಸ್ನೇಹಿ ಪರ್ಯಾಯ" ಎನ್ನುತ್ತಾರೆ. ಫ್ಲೆಕ್ಸ್ ಕೆಟ್ಟದ್ದು, ನಿಜ. ಆದರೆ ತಾಮ್ರ, ಸೀಸ ಅಥವಾ ತವರದ ಬೆಸುಗೆ, ಗಾಜಿನ ನಾರಿನ ಹಲಗೆ, ಗಟ್ಟಿಯಾದ ಎಪಾಕ್ಸಿ ಎಲ್ಲವೂ ಬೇರ್ಪಡದಂತೆ ಬೆರೆತ ತಟ್ಟೆಗಳು ಫ್ಲೆಕ್ಸಿಗಿಂತ ಸುಲಭವಾದ ಕಸವಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ನಮ್ಮ ಪೇಟೆಯ ಸತ್ತ ಪರದೆಯ ಹಲಗೆಗಳು ಮಾತ್ರ ಇಂದಿಗೂ ನಿಲ್ದಾಣದ ಹಿಂದೆ ತಗಡಿನ ಅಡಿಯಲ್ಲಿ ಮಳೆಗೆ ನೆನೆಯುತ್ತಿವೆ.

ನಾವು ಕೇಳಬೇಕಾದುದು

ಪರದೆಯೇ ಬೇಡ ಎನ್ನುವುದು ಹಲವು ಊರುಗಳಿಗೆ ಸರಿಯಾದ ಉತ್ತರ. ಸಾರ್ವಜನಿಕ ಮಾಹಿತಿಗೆ ಫಲಕ ಬೇಕೇ ಬೇಕೆಂದರೆ ಒಂದೇ ಬಣ್ಣದ ಡಿಐಪಿ ಅಕ್ಷರ ಫಲಕ ಸಾಕು. ಬೆಸುಗೆ ಬಲ್ಲ ಊರಿನ ಹುಡುಗರೇ ಅದನ್ನು ಕಾಪಾಡಬಲ್ಲರು. ಬಣ್ಣದ ಪರದೆ ಅನಿವಾರ್ಯವಾದರೆ ಅಂಟು ಸುರಿಯದ ಎಸ್‌ಎಂಡಿ ಇರಲಿ, ಸೂರು ಇರಲಿ, ಪಿಚ್ 10 ಮಿಲಿಮೀಟರಿನ ಆಸುಪಾಸಿನಲ್ಲಿರಲಿ. ಅದೇ ತಂಡದ ಬಿಡಿ ಹಲಗೆಗಳನ್ನೂ ದೀಪಗಳನ್ನೂ ಮೊದಲ ದಿನವೇ ಊರಿಗೆ ಒಪ್ಪಿಸಬೇಕು. ಊರಿನ ಇಬ್ಬರಿಗೆ ದುರಸ್ತಿ ಕಲಿಸಬೇಕು. ಸತ್ತ ಹಲಗೆಗಳನ್ನು ಮರಳಿ ಒಯ್ಯುವ ಕರಾರು ಬರಹದಲ್ಲಿರಬೇಕು. ರಾತ್ರಿಯ ಪ್ರಖರತೆ 300 ನಿಟ್ಸ್ ಮೀರಬಾರದು, 9 ಗಂಟೆಗೆ ಆರಬೇಕು. ಮಿಂಚುಹುಳುಗಳ ಮೇ, ಜೂನ್ ತಿಂಗಳುಗಳಲ್ಲಿ ಸಂಜೆಯ ಬಳಿಕ ಉರಿಯಲೇಬಾರದು.

ವಿದ್ಯಾರ್ಥಿ ಮಿತ್ರರು ಒಂದು ಕೆಲಸ ಮಾಡಬಹುದು. ನಿಮ್ಮ ಪೇಟೆಯ ಪರದೆಯ ಅಳತೆ, ಪಿಚ್, ಉರಿಯುವ ಗಂಟೆಗಳನ್ನು ಬರೆದುಕೊಂಡು ಮೇಲಿನ ಲೆಕ್ಕಗಳನ್ನು ನೀವೇ ಮಾಡಿ. ಅದರ ಬುಡದಲ್ಲಿ ಬಿದ್ದ ಕೀಟಗಳನ್ನು ವಾರಕ್ಕೊಮ್ಮೆ ಎಣಿಸಿ. ಸಾರ್ವಜನಿಕ ಹಣದ ಪರದೆಯಾದರೆ ಅದರ ಟೆಂಡರ್ ಮತ್ತು ನಿರ್ವಹಣೆಯ ಕರಾರನ್ನು 2005ರ ಮಾಹಿತಿ ಹಕ್ಕು ಕಾಯಿದೆಯಡಿ ಕೇಳಿ ಪಡೆಯಿರಿ. ಅದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ.

ಮುಂದಿನ ಸಭೆಯಲ್ಲಿ ಹೊಸ ಪರದೆಯ ಮಾತು ಬಂದಾಗ ಚಿತ್ರದ ನಯವನ್ನು ಕೇಳುವವರು ಬಹಳ ಮಂದಿ ಇರುತ್ತಾರೆ. ಆ ಕೊನೆಗಾರರ ಪ್ರಶ್ನೆಯನ್ನು ಈ ಬಾರಿ ಒಬ್ಬರೇ ಕೇಳದಿರಲಿ. ಇಡೀ ಸಭೆಯೇ ಎದ್ದು ನಿಂತು ಕೇಳಲಿ: ಇದು ಕೆಟ್ಟರೆ ಬಿಚ್ಚುವವರು ಯಾರು? ಉತ್ತರ ಊರಿನೊಳಗೆ ಇಲ್ಲವೆಂದಾದರೆ, ಆ ಕೊಟ್ಟೆ ನಮಗೆ ಬೇಡ.